ರಾತ್ರಿ ತಾನಾಗಿ ಗುರ್ ಎನ್ನುವ ಪಂಪು

ಓದುಗರ ಪತ್ರ

ನಮ್ಮೂರು ತಿಪಟೂರು. ಹನ್ನೊಂದು ವರ್ಷದಿಂದ ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದೇವೆ. ಎರಡು ವರ್ಷದ ಹಿಂದೆ ನಾಲ್ಕು ಜನ ಮಲಗಬಹುದಾದ ಹಳೇ ಟೂರಿಂಗ್ ಕ್ಯಾರವಾನ್ ಒಂದನ್ನು ಕೊಂಡೆವು. ನಮ್ಮತ್ತೆ ಹೊರಗಿನದು ಏನೂ ಮುಟ್ಟುವುದಿಲ್ಲ. ಕ್ಯಾರವಾನಾದರೆ ಎಲ್ಲಿ ನಿಲ್ಲಿಸಿದರೂ ಅನ್ನ ಸಾರು ಮಾಡಿಕೊಳ್ಳಬಹುದು ಎಂಬ ಆಸೆ. ಹೋದ ಬೇಸಿಗೆಯಲ್ಲಿ ಲೇಕ್ ಡಿಸ್ಟ್ರಿಕ್ಟಿಗೆ ಕರೆದುಕೊಂಡು ಹೋದಾಗ ನಲ್ಲಿ ನೀರು ಪ್ಲಾಸ್ಟಿಕ್ ವಾಸನೆ ಬಂತು, ಅತ್ತೆ ಒಂದು ಗುಟುಕೂ ಕುಡಿಯಲಿಲ್ಲ. ಈ ಸಲ ಏಪ್ರಿಲ್‌ನಲ್ಲಿ ಗಾಡಿ ತೆಗೆದರೆ ಹೊಸ ತೊಂದರೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪಂಪು ತಾನಾಗಿ ಗುರ್ ಎಂದು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಹತ್ತು ನಿಮಿಷಕ್ಕೆ ಮತ್ತೆ ಅದೇ. ನಲ್ಲಿ ತಿರುಗಿಸಿದರೆ ಪುಸ್ ಪುಸ್ ಎಂದು ಗಾಳಿ ಉಗುಳುತ್ತದೆ. ಸೀಟಿನ ಕೆಳಗೆ ಪ್ಲೈವುಡ್ ಒದ್ದೆಯಾಗಿದೆ. ಚಳಿಗಾಲಕ್ಕೆ ಮುಂಚೆ ಹೀಟರಿನ ನೀರು ಬಿಟ್ಟಿದ್ದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಜೋಡಣೆಗೆಲ್ಲ ಟೆಫ್ಲಾನ್ ಟೇಪು ಸುತ್ತಿ, ಊರಿಂದ ತಂದ ಎಂ-ಸೀಲ್ ಮೆತ್ತಿದ್ದಾರೆ. ಆದರೂ ಜಿನುಗುತ್ತದೆ. ಜೂನ್ ಕೊನೆಗೆ ಅತ್ತೆ ಮತ್ತೆ ಬರುತ್ತಾರೆ. ಇವರು ಮಾರಿಬಿಡೋಣ ಎನ್ನುತ್ತಾರೆ. ನಾನು ಬಾಯಿ ತೆರೆದರೆ ಜಗಳ, ಸುಮ್ಮನಿದ್ದರೆ ಅತ್ತೆಯ ಮುಂದೆ ಅವಮಾನ. ಏನು ಮಾಡಲಿ?

ಉತ್ತರ

ಅಮ್ಮಾ, ಮಾರುವ ಮಾತನ್ನು ಎರಡು ವಾರ ಬದಿಗಿಡಿ. ನೀವು ಬರೆದ ಲಕ್ಷಣಗಳಲ್ಲಿ ಗಾಡಿಯನ್ನೇ ಬಿಟ್ಟುಕೊಡುವಂಥದ್ದು ಒಂದೇ ಒಂದು, ಆ ಒದ್ದೆಯಾದ ಪ್ಲೈವುಡ್. ಅದೂ ಎಷ್ಟು ದೂರ ಹೋಗಿದೆ ಎಂದು ನೋಡಿದ ಮೇಲೆ. ಉಳಿದದ್ದೆಲ್ಲ ಒಂದು ಶನಿವಾರ ಮಧ್ಯಾಹ್ನದಲ್ಲಿ ಪತ್ತೆಯಾಗುವ ಕೆಲಸ.

ರಾತ್ರಿಯ ಆ ಗುರ್ ಸದ್ದಿನಿಂದಲೇ ಹೊರಡೋಣ. ಹೊರಗೆ ನಿಂತಿರುವ ನಿಮ್ಮ ಉರುಳುವ ಪೀಪಾಯಿ, ಎಲ್ಲರೂ ಅಕ್ವಾರೋಲ್ ಎನ್ನುವುದು, ನಮ್ಮ ಕಡೆಯ ಸಂಪಿನ ಹಾಗೆ. ತುಂಬಿದರೆ 40 ಲೀಟರ್. ಅದರೊಳಗೆ ಇಳಿಬಿಟ್ಟಿರುವ 12 ವೋಲ್ಟಿನ ಪುಟ್ಟ ಪಂಪು ಸಬ್‌ಮರ್ಸಿಬಲ್ ಮೋಟರು. ಅಲ್ಲಿಂದ ಪೈಪು ಗೋಡೆಯ ಸಾಕೆಟ್ಟಿಗೆ, ಸಾಕೆಟ್ಟಿನಿಂದ ಒಳಗಿನ ನೀಲಿ ಮತ್ತು ಕೆಂಪು ಕೊಳವೆಗಳಿಗೆ, ಅಲ್ಲಿಂದ ಹೀಟರಿಗೆ, ನಲ್ಲಿಗಳಿಗೆ. ನಿಮ್ಮ ಗಾಡಿಯಲ್ಲಿ ಪಂಪನ್ನು ನಡೆಸುವುದು ಪ್ರೆಷರ್ ಸ್ವಿಚ್ ಎಂದು ನೀವು ಹೇಳಿದ ಸದ್ದಿನಿಂದಲೇ ಗೊತ್ತಾಗುತ್ತದೆ. ನಲ್ಲಿ ತೆರೆದರೆ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ, ಸ್ವಿಚ್ ಪಂಪನ್ನು ಎಬ್ಬಿಸುತ್ತದೆ. ನಲ್ಲಿ ಮುಚ್ಚಿದರೆ ಒತ್ತಡ ಏರಿ ಪಂಪು ಮಲಗುತ್ತದೆ. ನಲ್ಲಿಗಳೆಲ್ಲ ಮುಚ್ಚಿದ್ದಾಗಲೂ ಹತ್ತು ನಿಮಿಷಕ್ಕೊಮ್ಮೆ ಎದ್ದರೆ, ಎಲ್ಲೋ ಒತ್ತಡ ಸೋರುತ್ತಿದೆ ಎಂದರ್ಥ. ಪಂಪು ಕೆಟ್ಟಿಲ್ಲ, ಅದು ನಿಮಗೆ ಸುದ್ದಿ ಮುಟ್ಟಿಸುತ್ತಿದೆ.

ಒತ್ತಡ ಸೋರಲು ದಾರಿ ಎರಡು. ಗಾಡಿಯೊಳಗಿನ ಯಾವುದೋ ಜೋಡಣೆಯಲ್ಲಿ ನೀರು ಹೊರಗೆ ಜಿನುಗಬಹುದು. ಇಲ್ಲವೇ ನೀರು ಬಂದ ದಾರಿಯಲ್ಲೇ ಪೀಪಾಯಿಗೆ ವಾಪಸು ಇಳಿಯಬಹುದು. ಊರಿನ ಬಾವಿಯ ಪಂಪಿನಲ್ಲಿ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡರೆ ನೀರೆಲ್ಲ ಕೆಳಗೆ ಇಳಿದು ಮೋಟರಿಗೆ ಏರ್ ಹಿಡಿಯುತ್ತದಲ್ಲ, ಅದೇ ಕಥೆ. ಇಲ್ಲಿಯೂ ಪಂಪಿನ ಪೈಪಿನಲ್ಲೋ ಗೋಡೆಯ ಸಾಕೆಟ್ಟಿನ ಹಿಂದೆಯೋ ಒಂದು ಪುಟ್ಟ ನಾನ್-ರಿಟರ್ನ್ ವಾಲ್ವ್ ಇರುತ್ತದೆ. ಅದು ಸರಿಯಾಗಿ ಕೂರದಿದ್ದರೆ ಒಳಗೆ ಎಲ್ಲೂ ಒದ್ದೆಯಾಗದೆಯೇ ಪಂಪು ರಾತ್ರಿಯಿಡೀ ಎದ್ದು ಕೂರುತ್ತದೆ. ನಿಮ್ಮಲ್ಲಿ ಪ್ಲೈವುಡ್ ಒದ್ದೆಯಾಗಿರುವುದರಿಂದ ಮೊದಲನೆಯ ದಾರಿಯ ಮೇಲೆ ನನ್ನ ಅನುಮಾನ ಹೆಚ್ಚು. ಆದರೆ ನಲ್ಲಿ ಗಾಳಿ ಉಗುಳುವುದನ್ನೂ ಬರೆದಿದ್ದೀರಿ, ಆದ್ದರಿಂದ ಎರಡನೆಯದನ್ನೂ ಬಿಡುವ ಹಾಗಿಲ್ಲ.

ಶನಿವಾರ ಗಾಡಿಯನ್ನು ಮನೆಯ ಮುಂದೆ ಸಮತಟ್ಟಾಗಿ ನಿಲ್ಲಿಸಿ. ಸೀಟಿನ ಕುಷನ್ನುಗಳನ್ನೆಲ್ಲ ಮನೆಯೊಳಗೆ ಸಾಗಿಸಿ, ಸೀಟಿನ ಹಲಗೆ ಎತ್ತಿ, ಬಾತ್‌ರೂಮಿನ ಕಪಾಟು ಖಾಲಿ ಮಾಡಿ. ಪಂಪು ಆಫ್ ಇರಲಿ. ಕಾಣುವ ಪ್ರತಿಯೊಂದು ಜೋಡಣೆಯನ್ನೂ ಒಣ ಬಟ್ಟೆಯಲ್ಲಿ ಒರೆಸಿ, ಅದರ ಸುತ್ತ ಒಂದೊಂದು ತುಂಡು ಒಣ ಟಿಶ್ಯೂ ಕಟ್ಟಿ, ಕೆಳಗೆ ನ್ಯೂಸ್‌ಪೇಪರ್ ಹಾಸಿ. ಆಮೇಲೆ ಪಂಪು ಹಾಕಿ, ಎಲ್ಲ ನಲ್ಲಿಗಳಿಂದಲೂ ನೀರು ಒಂದೇ ಸಮ ಬರುವವರೆಗೆ ಬಿಟ್ಟು, ಮುಚ್ಚಿ, ಒಂದು ಗಂಟೆ ಕಾಯಿರಿ. ಇದು ಇಬ್ಬರು ಮಾಡುವ ಕೆಲಸ. ಒಬ್ಬರು ನಲ್ಲಿಯ ಬಳಿ, ಇನ್ನೊಬ್ಬರು ಟಾರ್ಚು ಹಿಡಿದು ಸೀಟಿನ ಕೆಳಗೆ. ನೀವೇ ಟಾರ್ಚು ಹಿಡಿಯಿರಿ ಎನ್ನುತ್ತೇನೆ. ಒದ್ದೆಯಾದ ಟಿಶ್ಯೂ ತಾನೇ ಜಾಗ ತೋರಿಸುತ್ತದೆ, ಆಗ ಯಾರು ಯಾರಿಗೂ ಏನೂ ಹೇಳಬೇಕಾಗುವುದಿಲ್ಲ.

ಟಿಶ್ಯೂ ಎಲ್ಲವೂ ಒಣಗಿಯೇ ಇದ್ದು ಪಂಪು ಮಾತ್ರ ಏಳುತ್ತಿದ್ದರೆ, ಗೋಡೆಯ ಸಾಕೆಟ್ಟನ್ನೂ ನಾನ್-ರಿಟರ್ನ್ ವಾಲ್ವನ್ನೂ ನೋಡಿ. ಜೊತೆಗೆ ಬ್ಯಾಟರಿಯ ವೋಲ್ಟೇಜನ್ನೂ. ತುಂಬಿದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.7 ವೋಲ್ಟ್ ತೋರಿಸುತ್ತದೆ. ಅದು 12ರ ಹತ್ತಿರಕ್ಕೆ ಇಳಿದಿದ್ದರೆ ಪಂಪಿಗೆ ಸ್ವಿಚ್ಚನ್ನು ನಿಲ್ಲಿಸುವಷ್ಟು ಒತ್ತಡ ಕಟ್ಟುವ ಶಕ್ತಿ ಇರುವುದಿಲ್ಲ, ಸುಮ್ಮನೆ ಓಡುತ್ತಲೇ ಇರುತ್ತದೆ. ಪ್ರೆಷರ್ ಸ್ವಿಚ್ಚಿನ ಮೇಲೆ ಸರಿಹೊಂದಿಸುವ ತಿರುಪು ಇರುತ್ತದೆ. ಬ್ಯಾಟರಿಯೂ ಜೋಡಣೆಗಳೂ ಸರಿ ಇವೆ ಎಂದು ಖಚಿತವಾಗುವ ತನಕ ಅದನ್ನು ಮುಟ್ಟಬೇಡಿ. ಸೋರಿಕೆ ಇದ್ದಾಗಲೇ ತಿರುಪಿ ಸದ್ದು ನಿಲ್ಲಿಸಿದರೆ, ಸೋರಿಕೆ ಹಾಗೆಯೇ ಉಳಿದು ಸುದ್ದಿ ಮಾತ್ರ ನಿಲ್ಲುತ್ತದೆ. ನೆಲ ಕೊಳೆಯುವುದು ಹೀಗೆಯೇ.

ಇನ್ನು ಯಜಮಾನರ ಟೇಪು ಮತ್ತು ಎಂ-ಸೀಲ್. ಊರಿನ ಮನೆಯಲ್ಲಿ ಪೈಪು ಗೋಡೆಯೊಳಗೆ ಅಲುಗಾಡದೆ ಕೂತಿರುತ್ತದೆ, ಜೋಡಣೆಗೆ ತಿರುಪಿನ ಮರೆ (ಥ್ರೆಡ್) ಇರುತ್ತದೆ, ಟೇಪು ಸುತ್ತಿದರೆ ನಿಲ್ಲುತ್ತದೆ. ಕ್ಯಾರವಾನಿನ ಪೈಪಿಗೆ ಮರೆಯೇ ಇಲ್ಲ. ಒತ್ತಿ ಕೂರಿಸುವ ಪುಷ್-ಫಿಟ್ ಜೋಡಣೆ ಅದು. 12 ಮಿ.ಮೀ. ಕೊಳವೆಯನ್ನು ಒಳಗೆ ತಳ್ಳಿದರೆ ಉಂಗುರದ ಸಣ್ಣ ಹಲ್ಲುಗಳು ಅದನ್ನು ಕಚ್ಚಿ ಹಿಡಿಯುತ್ತವೆ, ಅದರ ಹಿಂದಿನ ರಬ್ಬರ್ ಓ-ರಿಂಗ್ ನೀರನ್ನು ತಡೆಯುತ್ತದೆ. ಹೊರಗೆ ಏನೇ ಮೆತ್ತಿದರೂ ಓ-ರಿಂಗಿನ ಕೆಲಸ ಆಗುವುದಿಲ್ಲ. ಮೋಟಾರ್‌ವೇಯಲ್ಲಿ ನೂರಾರು ಮೈಲಿ ಗಾಡಿ ಕುಲುಕುವಾಗ ಗಟ್ಟಿಯಾದ ಸೀಲ್ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ಅವರು ಶ್ರಮಪಟ್ಟಿದ್ದಾರೆ, ಜಾಗ ಮಾತ್ರ ಬೇರೆಯದು. ಮೆತ್ತಿದ ಫಿಟಿಂಗನ್ನು ಕೆರೆದು ಉಳಿಸಿಕೊಳ್ಳಲು ಹೋಗಬೇಡಿ, ಕತ್ತರಿಸಿ ತೆಗೆದು ಹೊಸದು ಹಾಕಿ. ಕೆಲವೇ ಪೌಂಡಿನ ಮಾತು.

ಹೊಸದು ಹಾಕುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಹೀಟರ್ ಆಫ್ ಮಾಡಿ, ಅದರೊಳಗಿನ ನೀರು ಪೂರ್ತಿ ಆರಲಿ. ಪಂಪು ಆಫ್ ಮಾಡಿ, ಒಂದು ನಲ್ಲಿ ತೆರೆದು ಒತ್ತಡ ಇಳಿಸಿ. ಕೊಳವೆಯನ್ನು ಸುಮ್ಮನೆ ಎಳೆದರೆ ಬರುವುದಿಲ್ಲ. ಫಿಟಿಂಗಿನ ಬಾಯಲ್ಲಿರುವ ಉಂಗುರವನ್ನು ಸುತ್ತಲೂ ಸಮನಾಗಿ ಒಳಕ್ಕೆ ಒತ್ತಿ ಹಿಡಿದು ಆಮೇಲೆ ಎಳೆಯಬೇಕು. ಹೊರಬಂದ ತುದಿಯನ್ನು ಬೆಳಕಿಗೆ ಹಿಡಿದು ನೋಡಿ. ಹಲ್ಲು ಕಚ್ಚಿದ ಗೀರುಗಳು ಕಾಣುತ್ತವೆ. ಅದೇ ತುದಿಯನ್ನು ಮತ್ತೆ ಹಾಕಿದರೆ ನೀರು ಆ ಗೀರಿನ ಜಾಡಿನಲ್ಲೇ ಹೊರಬರುತ್ತದೆ. ಪೈಪಿನಲ್ಲಿ ಸಡಿಲ ಇದ್ದರೆ ಎರಡು ಸೆಂಟಿಮೀಟರ್ ಕತ್ತರಿಸಿ ಹೊಸ ತುದಿ ಮಾಡಿಕೊಳ್ಳಿ. ಅಡುಗೆಮನೆಯ ಚಾಕು ಬೇಡ, ಅದು ಓರೆಯಾಗಿ ಕತ್ತರಿಸುತ್ತದೆ. ಪೈಪ್ ಕಟ್ಟರ್ ತಂದು ನೇರವಾಗಿ ಕತ್ತರಿಸಿ, ಅಂಚಿನ ಎಳೆಗಳನ್ನು ಒರೆಸಿ. ಕೊಳವೆ ಎಷ್ಟು ಆಳಕ್ಕೆ ಹೋಗಬೇಕೆಂದು ಫಿಟಿಂಗನ್ನು ಪಕ್ಕದಲ್ಲಿ ಹಿಡಿದು ಅಳೆದು ಪೆನ್ನಿನಲ್ಲಿ ಗೆರೆ ಎಳೆಯಿರಿ. ಈಗ ತಳ್ಳಿ. ಸ್ವಲ್ಪ ಒಳಗೆ ಹೋದ ಮೇಲೆ ಒಂದು ತಡೆ ಸಿಗುತ್ತದೆ. ಅದು ಓ-ರಿಂಗ್. ಬಹಳ ಜನ ಅಲ್ಲಿಗೇ ಕೂತಿತು ಎಂದುಕೊಂಡು ಬಿಟ್ಟುಬಿಡುತ್ತಾರೆ. ಇನ್ನೂ ಗಟ್ಟಿಯಾಗಿ ತಳ್ಳಿ, ಗೆರೆ ಉಂಗುರದ ಬಾಯಿಗೆ ಬರಬೇಕು. ಆಮೇಲೆ ಹಿಂದಕ್ಕೆ ಜಗ್ಗಿ ನೋಡಿ, ಬರಬಾರದು. ಫಿಟಿಂಗಿನ ಹತ್ತಿರದಲ್ಲೇ ಕೊಳವೆ ಬಾಗಿ ಪಕ್ಕಕ್ಕೆ ಎಳೆಯುತ್ತಿದ್ದರೂ ನಿಧಾನವಾಗಿ ಜಿನುಗುತ್ತದೆ, ಆ ಬಾಗು ಬಿಡಿಸಿ ಕ್ಲಿಪ್ಪಿನಲ್ಲಿ ನೇರ ಹಿಡಿಸಿ.

ನಿಮ್ಮದು ಹಳೇ ಗಾಡಿ ಎಂದಿರಿ. ಕೆಲವು ಕಡೆ ಮೆತ್ತನೆಯ ರಬ್ಬರ್ ಪೈಪು, ಅದರ ಮೇಲೆ ಸ್ಕ್ರೂ ಇರುವ ಲೋಹದ ಪಟ್ಟಿ ಕಾಣಬಹುದು. ಜುಬಿಲಿ ಕ್ಲಿಪ್ ಅದು. ಬ್ರಿಟಿಷ್ ನೌಕಾಪಡೆಯಲ್ಲಿದ್ದ ಲಮ್ಲಿ ರಾಬಿನ್ಸನ್ 1921ರಲ್ಲಿ ಪೇಟೆಂಟ್ ಪಡೆದದ್ದು, ನೂರು ವರ್ಷ ದಾಟಿದರೂ ಅದಕ್ಕಿಂತ ಒಳ್ಳೆಯದು ಆ ಜಾಗಕ್ಕೆ ಬಂದಿಲ್ಲ. ವರ್ಷಕ್ಕೊಮ್ಮೆ ಸ್ಕ್ರೂಡ್ರೈವರಿನಲ್ಲಿ ಕಾಲು ಸುತ್ತು ಪರೀಕ್ಷಿಸಿದರೆ ಸಾಕು. ಕೈ ಬಲವೆಲ್ಲ ಹಾಕಿ ಬಿಗಿದರೆ ಒಳಗಿನ ಪ್ಲಾಸ್ಟಿಕ್ ಮೂತಿಯೇ ಸೀಳುತ್ತದೆ.

ಗೋಡೆಯ ಸಾಕೆಟ್ಟಿಗೆ ಚುಚ್ಚುವ ಪಂಪಿನ ಪ್ಲಗ್ಗನ್ನೂ ಒಮ್ಮೆ ಹಿಡಿದು ನೋಡಿ. ಅದರ ಮೂತಿಯ ಮೇಲೆ ಓ-ರಿಂಗುಗಳಿವೆ. ಪ್ರತಿ ಪ್ರವಾಸದಲ್ಲಿ ಚುಚ್ಚಿ ತೆಗೆದು ಅವು ಸವೆಯುತ್ತವೆ, ಮಣ್ಣು ಮೆತ್ತಿಕೊಳ್ಳುತ್ತವೆ. ಅಲ್ಲಿಂದ ಗಾಳಿ ಒಳಗೆ ಸೇರಿದರೆ ನಲ್ಲಿ ಪುಸ್ ಎನ್ನುತ್ತದೆ. ಬೆರಳಿನಲ್ಲಿ ಒರೆಸಿ, ಬಿರುಕು ಬಿಟ್ಟಿದ್ದರೆ ಬದಲಾಯಿಸಿ, ಕುಡಿಯುವ ನೀರಿಗೆ ಆಗುವ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ತಿಪಟೂರಿನ ಮನೆಯಲ್ಲಿ ಕೈಗೆ ಮೊದಲು ಸಿಗುವುದು ಕೊಬ್ಬರಿ ಎಣ್ಣೆ ಎಂದು ನನಗೆ ಗೊತ್ತು, ಆದರೂ ಅದು ಬೇಡ. ಪೆಟ್ರೋಲಿಯಂ ಜೆಲ್ಲಿಯೂ ಬೇಡ. ಎಣ್ಣೆ ಕುಡಿದು ಉಬ್ಬುವ ಜಾತಿಯ ರಬ್ಬರುಗಳಿವೆ. ಇನ್ನು ಪಂಪನ್ನು ಪೀಪಾಯಿಗೆ ಇಳಿಸುವಾಗ ನೀರೊಳಗೆ ಒಂದೆರಡು ಸಲ ಜೋಲಾಡಿಸಿ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಒಳಗೆ ಸಿಕ್ಕಿಕೊಂಡ ಗುಳ್ಳೆಗಳು ಮೇಲೆ ಬರುತ್ತವೆ. ಈ ಪಂಪಿಗೆ ಗಾಳಿಯನ್ನು ಎಳೆದುಕೊಳ್ಳುವ ಶಕ್ತಿ ಇಲ್ಲ, ಒಂದು ಗುಳ್ಳೆ ಇದ್ದರೂ ಸುಮ್ಮನೆ ತಿರುಗುತ್ತಿರುತ್ತದೆ.

ಈಗ ಚಳಿಗಾಲದ ಮಾತು. ಮನೆಯವರು ಹೀಟರಿನ ನೀರು ಬಿಟ್ಟಿದ್ದೆ ಎನ್ನುವುದು ನಿಜವೇ ಇರಬೇಕು. ಹೀಟರಿನ ನೀರು ಬಿಟ್ಟರೆ ಎಲ್ಲ ಬಿಟ್ಟಂತೆ ಎಂದು ಬಹಳ ಜನ ನಂಬಿದ್ದಾರೆ, ನಾನೂ ನಂಬಿದ್ದೆ. ಒಂದು ವರ್ಷ ಅಕ್ಟೋಬರ್ ಕೊನೆಗೆ ಸ್ಕಾಟ್‌ಲೆಂಡಿನಿಂದ ವಾಪಸು ಬಂದು ಹೀಟರ್ ಖಾಲಿ ಮಾಡಿ ಬೀಗ ಹಾಕಿದೆವು. ಮಾರ್ಚಿನಲ್ಲಿ ಪಂಪು ಹಾಕಿದ ಕ್ಷಣ ಬಾತ್‌ರೂಮಿನ ನಲ್ಲಿಯ ಬುಡದಿಂದ ನೀರು ಚಿಮ್ಮಿತು. ಒಂದೇ ಹಿಡಿಯಿರುವ ಮಿಕ್ಸರ್ ನಲ್ಲಿಯ ಹೊಟ್ಟೆಯಲ್ಲಿ ಒಂದು ಚಮಚ ನೀರು ಉಳಿದಿತ್ತು, ಅಷ್ಟೇ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಅದಕ್ಕೆ ಪ್ಲಾಸ್ಟಿಕ್ ಎಲ್ಲಿ ತಾಳೀತು? ಆದ್ದರಿಂದ ನಿಮ್ಮ ಟಿಶ್ಯೂ ಪರೀಕ್ಷೆಯಲ್ಲಿ ನಲ್ಲಿಗಳ ಬುಡವನ್ನೂ ಶವರಿನ ಹಿಡಿಯನ್ನೂ ಮರೆಯಬೇಡಿ. ಹಿಮ ಮೊದಲು ಒಡೆಯುವುದು ಇವನ್ನೇ.

ಮುಂದಿನ ಸಲ ಮೊದಲ ಹಿಮ ಬೀಳುವ ಮುಂಚೆಯೇ ಹೀಟರ್ ಆರಿಸಿ, ಪಂಪು ಆಫ್ ಮಾಡಿ, ನೆಲದ ಬಳಿಯ ಎಲ್ಲ ಡ್ರೇನ್ ವಾಲ್ವುಗಳನ್ನೂ ತೆರೆಯಿರಿ. ಸಾಮಾನ್ಯವಾಗಿ ಹಳದಿ ಬಣ್ಣದ ಹಿಡಿ. ಒಂದಲ್ಲ, ಎರಡೋ ಮೂರೋ ಇರಬಹುದು, ಗಾಡಿಯ ಕೈಪಿಡಿ ನೋಡಿ ಹುಡುಕಿ. ಎಲ್ಲ ನಲ್ಲಿಗಳನ್ನೂ ತೆರೆದು ಹಿಡಿಯನ್ನು ಬಿಸಿನೀರಿಗೂ ತಣ್ಣೀರಿಗೂ ನಡುವೆ ನಿಲ್ಲಿಸಿ, ಆಗ ಎರಡೂ ಕೊಳವೆಗಳು ಖಾಲಿಯಾಗುತ್ತವೆ. ಶವರಿನ ಹಿಡಿಯನ್ನು ಕೊಕ್ಕೆಯಿಂದ ತೆಗೆದು ಕೆಳಗೆ ಮಲಗಿಸಿ. ನೀರಿನ ಫಿಲ್ಟರ್ ಇದ್ದರೆ ತೆಗೆದು ಬಿಸಾಡಿ. ಮುಂದಿನ ಸಣ್ಣ ಚಕ್ರವನ್ನು ಏರಿಸಿ ಇಳಿಸಿ ಗಾಡಿಯನ್ನು ಎರಡೂ ಕಡೆ ಓಲಾಡಿಸಿದರೆ ಮೂಲೆಯಲ್ಲಿ ಅಡಗಿದ ನೀರೂ ಹೊರಬೀಳುತ್ತದೆ. ನಲ್ಲಿಗಳು ಚಳಿಗಾಲವಿಡೀ ತೆರೆದೇ ಇರಲಿ. ಅರ್ಧ ಗಂಟೆಯ ಕೆಲಸ. ಹೋದ ಚಳಿಗಾಲದ್ದನ್ನು ಒಮ್ಮೆ ಮಾತಾಡಿ ಮುಗಿಸಿಬಿಡಿ, ಅತ್ತೆ ಬಂದ ಮೇಲೆ ಮತ್ತೆ ಎತ್ತಬೇಡಿ.

ವಾಸನೆಯ ವಿಷಯದಲ್ಲಿ ನಾನು ನಿಮ್ಮತ್ತೆಯ ಪಕ್ಷ. ಅವರ ಮೂಗು ಸರಿಯಾಗಿಯೇ ಹೇಳಿದೆ. ಊರಿನಲ್ಲಿ ತಾಮ್ರದ ಹಂಡೆ ದಿನಾ ಖಾಲಿಯಾಗುತ್ತದೆ, ಹುಣಸೆಹಣ್ಣು ಹಚ್ಚಿ ಬೆಳಗುತ್ತಾರೆ, ಬೋರಲು ಹಾಕುತ್ತಾರೆ. ಇಲ್ಲಿ ಪೀಪಾಯಿಯಲ್ಲಿ ಹೋದ ಪ್ರವಾಸದ ನೀರು ವಾರಗಟ್ಟಲೆ ನಿಂತಿರುತ್ತದೆ, ಪಾರದರ್ಶಕ ಪೈಪಿನೊಳಗೆ ಬಿಸಿಲು ಬಿದ್ದು ಪಾಚಿ ಕಟ್ಟುತ್ತದೆ. ಪ್ರತಿ ಪ್ರವಾಸ ಮುಗಿದ ಕೂಡಲೇ ಪೀಪಾಯಿ ಖಾಲಿ ಮಾಡಿ ಮುಚ್ಚಳ ತೆಗೆದು ಬೋರಲು ಒಣಗಿಸಿ, ಪಂಪಿನ ಪೈಪನ್ನು ತೂಗುಹಾಕಿ ನೀರಿಳಿಸಿ ಕತ್ತಲಲ್ಲಿಡಿ. ಈ ತಿಂಗಳೇ ಒಮ್ಮೆ ಪೂರ್ತಿ ಶುದ್ಧಿ ಮಾಡಿ. ಕ್ಯಾರವಾನ್ ಅಂಗಡಿಯಲ್ಲಿ ಸಿಗುವ ಶುದ್ಧೀಕರಣದ ದ್ರಾವಣವನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲಿ ಕದಡಿ, ಪ್ರತಿ ನಲ್ಲಿಯಿಂದಲೂ ಬರುವವರೆಗೆ ಪಂಪು ಮಾಡಿ, ಹೇಳಿದಷ್ಟು ಹೊತ್ತು ಬಿಟ್ಟು, ಒಂದೆರಡು ಪೀಪಾಯಿ ಒಳ್ಳೆಯ ನೀರಿನಿಂದ ತೊಳೆಯಿರಿ. ಒಂದು ಎಚ್ಚರಿಕೆ: ನಿಮ್ಮದು ಟ್ರೂಮಾ ಹೀಟರ್ ಆಗಿದ್ದರೆ ಒಳಗಿನ ಪಾತ್ರೆ ಸ್ಟೇನ್‌ಲೆಸ್ ಸ್ಟೀಲಿನದು. ಕ್ಲೋರಿನ್ ಇರುವ ದ್ರಾವಣ ಬೇಡ ಎಂದು ತಯಾರಕರೇ ಹೇಳುತ್ತಾರೆ. ಮಕ್ಕಳ ಬಾಟಲಿ ತೊಳೆಯುವ ದ್ರಾವಣದಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುತ್ತದೆ, ಆದ್ದರಿಂದ ಸ್ಟೀಲಿಗೆ ಆಗುತ್ತದೆ ಎಂದು ಬರೆದಿರುವುದನ್ನೇ ಕೊಳ್ಳಿ.

ಇದು ಬರೀ ವಾಸನೆಯ ಪ್ರಶ್ನೆಯಲ್ಲ. ನಿಂತ ನೀರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ ಉಳಿದರೆ ಲೆಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಶವರಿನ ತುಂತುರಿನಲ್ಲಿ ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ತರಬಹುದು, ವಯಸ್ಸಾದವರಿಗೆ ಅಪಾಯ ಹೆಚ್ಚು. ಉಗುರು ಬೆಚ್ಚಗೆ ಬಿಟ್ಟು ಮರೆಯಬೇಡಿ. ಹೀಟರನ್ನು 60 ಡಿಗ್ರಿ ದಾಟುವಂತೆ ಕಾಯಿಸಿ, ಸ್ನಾನಕ್ಕೆ ತಣ್ಣೀರು ಬೆರೆಸಿಕೊಳ್ಳಿ. ಬಿಸಿನೀರಿನ ನಲ್ಲಿಯಿಂದ ನೀರು ಬಿಡದೆ ಒಂದೇ ಸಮ ಬರುವವರೆಗೆ, ಅಂದರೆ ಹೀಟರ್ ತುಂಬುವವರೆಗೆ, ಅದಕ್ಕೆ ಕರೆಂಟ್ ಕೊಡಬೇಡಿ.

ಸೈಟಿನಲ್ಲಿ ನೀರು ಹಿಡಿಯುವಾಗ ಕುಡಿಯುವ ನೀರು ಎಂದು ಬರೆದಿರುವ ನಲ್ಲಿಗೇ ಹೋಗಿ, ಅದರ ಬಾಯನ್ನು ಒರೆಸಿ, ಒಂದಿಷ್ಟು ನೀರು ಬಿಟ್ಟು ಆಮೇಲೆ ತುಂಬಿ. ಪೈಪು ನಿಮ್ಮದೇ ಇರಲಿ, ಆಹಾರಕ್ಕೆ ಯೋಗ್ಯವಾದದ್ದು. ತೋಟದ ಹಸಿರು ಪೈಪೇ ಎಷ್ಟೋ ಸಲ ಆ ಪ್ಲಾಸ್ಟಿಕ್ ವಾಸನೆಯ ಮೂಲ. ಟಾಯ್ಲೆಟ್ ಪೆಟ್ಟಿಗೆ ಖಾಲಿ ಮಾಡುವ ಕಡೆಯ ನಲ್ಲಿಯನ್ನು ಮುಟ್ಟಬೇಡಿ. ಅತ್ತೆಗೆ ಕುಡಿಯಲು ಒಂದು ಸ್ಟೀಲ್ ಬಿಂದಿಗೆ ಬೇರೆ ಇಡಿ, ನೀರನ್ನು ಅವರೇ ಆ ಕುಡಿಯುವ ನೀರಿನ ನಲ್ಲಿಯಿಂದ ನೇರ ಹಿಡಿಯಲಿ. ಪೀಪಾಯಿ, ಪಂಪು ಯಾವುದೂ ನಡುವೆ ಬರುವುದಿಲ್ಲ. ಅವರ ಮಡಿಗೂ ಅನುಕೂಲ, ಮನಸ್ಸಿಗೂ ನೆಮ್ಮದಿ. ನೀವು ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. ಪೀಪಾಯಿ ತೊಳೆಯುವ ಯಜಮಾನಿಕೆಯನ್ನು ಅವರಿಗೇ ಒಪ್ಪಿಸಿದರೂ ಚೆನ್ನ, ಹಂಡೆ ಬೆಳಗಿದ ಕೈ ಅದು.

ಕೊನೆಯದಾಗಿ ಆ ಪ್ಲೈವುಡ್. ಅಂಗೈ ಊರಿ ಒತ್ತಿ, ಪಕ್ಕದಲ್ಲಿ ನಿಂತು ನಡೆದು ನೋಡಿ. ಮೇಲೆ ಮಾತ್ರ ಒದ್ದೆಯಾಗಿ ಗಟ್ಟಿಯಾಗಿದ್ದರೆ, ಸೋರಿಕೆ ನಿಲ್ಲಿಸಿ ಡಿಹ್ಯುಮಿಡಿಫೈಯರ್ ಇಟ್ಟು ಒಣಗಿಸಬಹುದು. ದಿನಗಳಲ್ಲ, ವಾರಗಳು ಬೇಕು. ತೇವ ಅಳೆಯುವ ಮೀಟರ್ ಶೇ. 15ರ ಒಳಗೆ ತೋರಿಸಿದರೆ ಚಿಂತೆಯಿಲ್ಲ, 20 ದಾಟಿದರೆ ತಿಳಿದವರು ನೋಡಬೇಕು. ಕಾಲಿಟ್ಟಾಗ ನೆಲ ಕುಣಿದಂತೆ ಆದರೆ ಪದರಗಳು ಬಿಟ್ಟುಕೊಂಡಿವೆ. ಅಪ್ರೂವ್ಡ್ ವರ್ಕ್‌ಶಾಪ್ ಸ್ಕೀಮಿನಲ್ಲಿರುವ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ, ಅವರಲ್ಲಿ ಮನೆಗೇ ಬರುವವರೂ ಇದ್ದಾರೆ. ಹೀಟರಿನ ಗ್ಯಾಸ್ ಕಡೆ ನೀವಿಬ್ಬರೂ ಕೈ ಹಾಕಬೇಡಿ, ಅದನ್ನು ಅವರೇ ನೋಡಲಿ. ದುರಸ್ತಿಯ ಖರ್ಚು ಗಾಡಿಯ ಬೆಲೆಯ ಅರ್ಧ ದಾಟುತ್ತದೆ ಎಂದು ಅವರು ಹೇಳಿದರೆ ಆಗ ಮಾರುವ ಮಾತಾಡಿ, ಕೊಳ್ಳುವವರಿಗೆ ನೆಲದ ವಿಷಯ ತಿಳಿಸಿಯೇ ಮಾರಿ. ಒಂದು ಜೋಡಣೆ ಸೋರಿದ್ದಕ್ಕೆ ಮಾತ್ರ ಮಾರಬೇಡಿ.

ಶನಿವಾರ ಯಾವ ಟಿಶ್ಯೂ ಒದ್ದೆಯಾಯಿತು ಎಂದು ನನಗೆ ಬರೆಯಿರಿ. ಫೋಟೋ ಕಳಿಸುವುದಾದರೆ ಫಿಟಿಂಗಿನದಲ್ಲ, ಹೊರಗೆ ಎಳೆದ ಕೊಳವೆಯ ತುದಿಯದು ಕಳಿಸಿ.